ಬೀಡಿ ಬಿಟ್ಟು ಗೇರುಬೀಜ ಕಾರ್ಖಾನೆಗೆ: ಕೆಲಸ ಬದಲಾಗಲಿ, ಸರ್ವಿಸ್ ಬಿಡಬೇಡಿ



ಈಚೆಗೆ ನಮ್ಮ ಒಂದು ಸಂಘದ ಸಭೆಗೆ ಹೋಗಿದ್ದೆವು. ಉಳಿತಾಯ ಬರೆದು ಮುಗಿಯುವಾಗ ಒಬ್ಬ ಸದಸ್ಯೆ ಎದ್ದು ನಿಂತು, "ಸಿಸ್ಟರ್, ಸೋಮವಾರದಿಂದ ನಾನು ಗೇರುಬೀಜ ಫ್ಯಾಕ್ಟರಿಗೆ. ಬೀಡಿ ಸಾಕಾಯ್ತು. ಪಿ.ಎಫ್. ಪೂರಾ ತೆಗ್ದು ಸಾಲ ತೀರಿಸಿ ಬಿಡ್ತೇನೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾವು ಮಾತ್ರ, "ಫ್ಯಾಕ್ಟರಿಗೆ ಖಂಡಿತ ಹೋಗಿ. ಪಿ.ಎಫ್. ಫಾರ್ಮಿಗೆ ಸಹಿ ಹಾಕುವ ಮೊದಲು ಒಂದು ವಾರ ತಡೆಯಿರಿ" ಎಂದೆವು. ಯಾಕೆ ಹಾಗೆ ಹೇಳಿದೆವು ಎಂಬುದನ್ನು ಇಲ್ಲಿ ವಿವರಿಸುತ್ತೇವೆ. ದಕ್ಷಿಣ ಕನ್ನಡ, ಉಡುಪಿ ಕಡೆಯ ಅನೇಕ ಮನೆಗಳಲ್ಲಿ ಇಂದು ಇದೇ ಮಾತು ನಡೆಯುತ್ತಾ ಉಂಟು.

ಬೀಡಿ ಕೆಲಸ ಕಡಿಮೆಯಾಗಲು ಕಾರಣಗಳುಂಟು. 2016ರ ಏಪ್ರಿಲ್‌ನಿಂದ ತಂಬಾಕಿನ ಪ್ಯಾಕೆಟಿನ ಮೇಲೆ ನೂರಕ್ಕೆ 85 ಭಾಗ ಎಚ್ಚರಿಕೆಯ ಚಿತ್ರ ಬಂತು. 2017ರ ಜುಲೈಯಲ್ಲಿ ಬೀಡಿಗೆ ನೂರಕ್ಕೆ 28 ಜಿ.ಎಸ್.ಟಿ. ಬಂತು. ಬ್ರಾಂಚಿನಲ್ಲಿ ಎಲೆ ಸಿಗದ ದಿನಗಳು ಹೆಚ್ಚಾದವು. ಹೊಗೆಸೊಪ್ಪಿನ ಧೂಳಿನಿಂದ ಕೆಮ್ಮು, ಬಗ್ಗಿ ಕೂತು ಸೊಂಟನೋವು ನಮಗೆ ಹೊಸತಲ್ಲ. ಹಾಗಾಗಿ ಬೇರೆ ಕೆಲಸ ಹುಡುಕುವುದು ತಪ್ಪಲ್ಲ. ಆದರೆ ಹಳೆಯ ಕೆಲಸದಲ್ಲಿ ದುಡಿದ ವರ್ಷಗಳನ್ನು ಅಲ್ಲೇ ಬಿಟ್ಟು ಹೋಗುವುದು ತಪ್ಪು.

ಹತ್ತು ವರ್ಷದ ಲೆಕ್ಕ

ಮನೆಯಲ್ಲಿ ಕೂತು ಬೀಡಿ ಕಟ್ಟುವವರೂ ಕಾರ್ಮಿಕರೇ, ಅವರಿಗೂ ಪಿ.ಎಫ್. ಕೊಡಬೇಕು ಎಂದು ಸುಪ್ರೀಂ ಕೋರ್ಟು 1985ರಲ್ಲಿ ತೀರ್ಪು ಕೊಟ್ಟಿದೆ. ನಮ್ಮ ಹೆಸರಿನಲ್ಲಿ ಪಿ.ಎಫ್. ಕಟ್ಟಿದ್ದರೆ ಅದರ ಜೊತೆ ಪಿಂಚಣಿಯ ಸರ್ವಿಸೂ ಬೆಳೆಯುತ್ತದೆ. ಒಟ್ಟು 10 ವರ್ಷ ಸರ್ವಿಸ್ ಆದವರಿಗೆ 58 ವರ್ಷ ತುಂಬಿದಾಗ ತಿಂಗಳ ಪಿಂಚಣಿ ಸಿಗುತ್ತದೆ. ಈ 10 ವರ್ಷ ಒಂದೇ ಕಡೆ ಆಗಬೇಕೆಂದಿಲ್ಲ.

ಆ ಸಹೋದರಿಗೆ 46 ವರ್ಷ. ಅವರ ಹೆಸರಿನಲ್ಲಿ ಬೀಡಿ ಸರ್ವಿಸ್ 7 ವರ್ಷ. ಪಿ.ಎಫ್. ವರ್ಗಾವಣೆ ಮಾಡಿಕೊಂಡರೆ ಕಾರ್ಖಾನೆಯಲ್ಲಿ ಇನ್ನು 3 ವರ್ಷ ದುಡಿದರೆ ಸಾಕು, ಹತ್ತು ತುಂಬುತ್ತದೆ. ಪಿಂಚಣಿಯ ಭಾಗವನ್ನೂ ಸೇರಿಸಿ ಎಲ್ಲ ತೆಗೆದುಬಿಟ್ಟರೆ ಆ 7 ವರ್ಷ ಅಳಿಸಿಹೋಗುತ್ತದೆ. ಒಂದರಿಂದ ಮತ್ತೆ ಶುರು. 2014ರಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ ರೂ. 1,000 ಎಂದು ನಿಗದಿಯಾಯಿತು. ದೊಡ್ಡ ಮೊತ್ತವೇನಲ್ಲ. ಆದರೆ ಕೈ ಸೋತ ಕಾಲದಲ್ಲಿ ಮಾತ್ರೆಯ ಖರ್ಚಿಗೆ ಮಗನ ಮುಖ ನೋಡಬೇಕಾಗಿಲ್ಲ, ಅಲ್ವಾ?

ಮಾಡಬೇಕಾದ್ದು ಇಷ್ಟು: ಹಳೆಯ ಯು.ಎ.ಎನ್. ನಂಬರನ್ನು ಹೊಸ ಕಾರ್ಖಾನೆಯ ಆಫೀಸಿಗೆ ಕೊಡಿ, ಹೊಸ ನಂಬರು ಮಾಡಿಸಬೇಡಿ. ಆಧಾರ್, ಬ್ಯಾಂಕ್ ಪುಸ್ತಕ, ಪಿ.ಎಫ್. ದಾಖಲೆ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಬೇಕು. ಒಂದು ಕಡೆ ತವರಿನ ಹೆಸರು, ಇನ್ನೊಂದು ಕಡೆ ಗಂಡನ ಹೆಸರು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಬ್ರಾಂಚಿನ ಪರಿಚಯ ಇರುವಾಗಲೇ ಸರಿಮಾಡಿಸಿಕೊಳ್ಳಿ. ಐದು ವರ್ಷ ಸತತ ದುಡಿದವರು ಗ್ರಾಚ್ಯುಟಿಯನ್ನೂ ಲಿಖಿತವಾಗಿ ಕೇಳಿ. ಅದು ವರ್ಷಕ್ಕೆ 15 ದಿನದ ಕೂಲಿಯ ಲೆಕ್ಕ.

ಇನ್ನು ಅತ್ತೆಯ ಕಾರ್ಡಿಗೋ ಅಮ್ಮನ ಕಾರ್ಡಿಗೋ ಬೀಡಿ ಕಟ್ಟಿದವರು ನಮ್ಮಲ್ಲಿ ಬಹಳ ಮಂದಿ. ಅವರ ದುಡಿಮೆ ಕಾಗದದಲ್ಲಿ ಬೇರೆಯವರ ಹೆಸರಿಗೆ ಹೋಗಿದೆ. ಇದು ಬೇಸರದ ವಿಷಯ, ಆದರೆ ನಿಜ. ಅಂಥವರಿಗೆ ಕಾರ್ಖಾನೆಯ ಕೆಲಸವೇ ತಮ್ಮ ಹೆಸರಿನ ಮೊದಲ ಸರ್ವಿಸ್. ಮೊದಲ ದಿನದಿಂದಲೇ ಅದನ್ನು ಬರೆಯಿಸಿಕೊಳ್ಳಿ.

ಕಾರ್ಖಾನೆಯ ಒಳಗೆ ಎಂತ ಉಂಟು?

ಬೀಜವನ್ನು ಒಣಗಿಸಿ, ಹಬೆಯಲ್ಲಿ ಬೇಯಿಸಿ, ಕತ್ತರಿಸಿ, ತಿರುಳನ್ನು ಬೋರ್ಮಾದಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ಗಾತ್ರ ನೋಡಿ ವಿಂಗಡಿಸುತ್ತಾರೆ. ಕತ್ತರಿಸುವ ಕಡೆ ಹೆಚ್ಚು ಜಾಗ್ರತೆ ಬೇಕು. ಚಿಪ್ಪಿನ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಗ್ಲೌಸ್ ಕೇಳಲು ನಾಚಿಕೆ ಬೇಡ.

ವಿಂಗಡಣೆಯಲ್ಲಿ 320 ಎಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, 300ರಿಂದ 320 ಇಡೀ ಬೀಜ. 240 ಎಂದರೆ 220ರಿಂದ 240, ಅಂದರೆ ಬೀಜ ದೊಡ್ಡದು, ಬೆಲೆಯೂ ಹೆಚ್ಚು. ತುಂಡಾದರೆ ಬೆಲೆ ಇಳಿಯುತ್ತದೆ. ಎಲೆ ಹರಿಯದ ಹಾಗೆ ಸುರುಳಿ ಸುತ್ತಿದ ನಮ್ಮ ಬೆರಳುಗಳಿಗೆ ಈ ಹಗುರ ಕೈ ಗೊತ್ತೇ ಉಂಟು. ಆದರೂ ಮೊದಲ ದಿನಗಳಲ್ಲಿ ಪಕ್ಕದವರು ರಾಶಿ ಮುಗಿಸುವಾಗ ನಮ್ಮದು ಅರ್ಧವೂ ಆಗಿರುವುದಿಲ್ಲ. ಇಪ್ಪತ್ತು ವರ್ಷ ಬೀಡಿ ಕಟ್ಟಿದವಳಿಗೆ ಹೊಸಬಳಾಗಿ ಕೂರುವುದು ಕಷ್ಟವೇ. ಬೀಡಿಯನ್ನೂ ನಾವು ಒಂದೇ ದಿನದಲ್ಲಿ ಕಲಿತದ್ದಲ್ಲ ಎಂದು ನೆನಪಿಟ್ಟುಕೊಳ್ಳಿ.

ಸೇರುವ ಮೊದಲು ಕೇಳಿ: ಕೂಲಿ ದಿನದ ಲೆಕ್ಕವೋ, ಕಿಲೋ ಲೆಕ್ಕವೋ? ಕಿಲೋ ಲೆಕ್ಕವಾದರೂ ಕನಿಷ್ಠ ಕೂಲಿಯ ಕಾನೂನು ಅನ್ವಯಿಸುತ್ತದೆ. ನೇಮಕಾತಿ ಪತ್ರ ಕೊಡುತ್ತೀರಾ? 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅದನ್ನು ಕೊಡಲೇಬೇಕು. ಇ.ಎಸ್.ಐ. ಉಂಟಾ? ಮನೆಯಲ್ಲಿ ಬೀಡಿ ಕಟ್ಟುವ ಹೆಚ್ಚಿನವರಿಗೆ ಇದು ಇರಲಿಲ್ಲ. 2019ರ ಜುಲೈಯಲ್ಲಿ ನಿಗದಿಯಾದಂತೆ ನೂರು ರೂಪಾಯಿ ಸಂಬಳಕ್ಕೆ ನಮ್ಮಿಂದ 75 ಪೈಸೆ, ಮಾಲೀಕರಿಂದ ರೂ. 3.25. ಅದರಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಮಕ್ಕಳು ಬೀಡಿ ಕಾರ್ಮಿಕರ ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ, ಕಾರ್ಡು ಹಿಂದೆ ಕೊಡುವ ಮೊದಲು ಅದರ ಬಗ್ಗೆಯೂ ವಿಚಾರಿಸಿ.

ಮನೆ ಮತ್ತು ಸಂಘ

ಬೀಡಿಯಾದರೆ ಅನ್ನಕ್ಕಿಟ್ಟು ನಾಲ್ಕು ಕಟ್ಟು, ಮಗುವನ್ನು ಮಲಗಿಸಿ ನಾಲ್ಕು ಕಟ್ಟು. ಕಾರ್ಖಾನೆಯಲ್ಲಿ ಗಂಟೆ ಹೊಡೆದ ಮೇಲೆ ಮನೆ ಇಲ್ಲ. ಬೆಳಗ್ಗಿನ ಕೆಲಸ ಯಾರು ಮಾಡುವುದು ಎಂದು ಗಂಡ, ಮಕ್ಕಳ ಜೊತೆ ಮೊದಲೇ ಕೂತು ಮಾತಾಡಿ. ಇಲ್ಲದಿದ್ದರೆ ಎರಡು ಪಾಳಿ ನಮ್ಮ ತಲೆಗೇ.

ಬೀಡಿಯ ಹಣ ವಾರ ವಾರ ಕೈಗೆ ಬರುತ್ತಿತ್ತು. ಕಾರ್ಖಾನೆಯ ಮೊದಲ ಸಂಬಳಕ್ಕೆ ತಿಂಗಳು ಕಾಯಬೇಕು. ಆ ಒಂದು ತಿಂಗಳಲ್ಲೇ ಎಷ್ಟೋ ಮಂದಿ ಬಡ್ಡಿಯವರ ಬಾಗಿಲಿಗೆ ಹೋಗುವುದು. ಸಂಘ ಇರುವುದು ಇಂಥ ಹೊತ್ತಿಗೆ. ಕಂತನ್ನು ಮುಂದೆ ಹಾಕಿ, ಅಗತ್ಯವಿದ್ದರೆ ಸಣ್ಣ ಸಾಲ ಕೊಡಿ, ಸಭೆಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಆ ಸಂಘ ಹಾಗೆಯೇ ಮಾಡಿತು. ಸಹೋದರಿಯ ಸಾಲದ ಕಂತನ್ನು ಎರಡು ತಿಂಗಳು ಮುಂದೆ ಹಾಕಿದರು. ಅವರು ಪಿ.ಎಫ್. ತೆಗೆಯಲಿಲ್ಲ. ಆಧಾರಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿತ್ತು, ಅದಕ್ಕಾಗಿ ಮೂರು ಸಲ ಓಡಾಡಿದರು. ವರ್ಗಾವಣೆ ಇನ್ನೂ ಆಗಬೇಕಷ್ಟೆ. "ಕೈ ಇನ್ನೂ ನಿಧಾನ ಸಿಸ್ಟರ್, ಆದ್ರೆ ಏಳು ವರ್ಷ ನನ್ನದೇ ಉಂಟಲ್ಲ" ಎಂದರು.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಪಿ.ಎಫ್. ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ ತನ್ನಿ. ಓದಲು ಬರುವವರು ಬಾರದವರಿಗೆ ಓದಿ ಹೇಳಿ. ಯಾರ ಹೆಸರಿನಲ್ಲಿ ಎಷ್ಟು ವರ್ಷ ಉಂಟು ಎಂದು ಸಂಘದ ಪುಸ್ತಕದಲ್ಲಿ ಬರೆದಿಡಿ.