ಮೂರು ದಿನ, ಒಂದೇ ಕುದುರೆ

ಒಂದೇ ಕುದುರೆ ಕುಣಿಯಬೇಕು, ಕಾಡುದಾರಿಯಲ್ಲಿ ಓಡಬೇಕು, ಬೇಲಿ ಹಾರಬೇಕು.
ಆಗುತ್ತಾ?

ಇದೇ ಈವೆಂಟಿಂಗ್.
ಇವತ್ತು ಭರತನಾಟ್ಯ ಮಾಡಿದವರೇ
ನಾಳೆ ಕಬಡ್ಡಿ ಅಂಕಣಕ್ಕೆ ಇಳಿದ ಹಾಗೆ!

ಮೊದಲು ಡ್ರೆಸಾಜ್.
ಸವಾರ ಬಾಯಿ ಬಿಡೋ ಹಾಗಿಲ್ಲ.
ಕಾಲಿನ ಸಣ್ಣ ಒತ್ತು, ಲಗಾಮಿನ ಸಣ್ಣ ಸೆಳೆತ.
ಅಷ್ಟರಲ್ಲೇ ಕುದುರೆ ಅರ್ಥ ಮಾಡಿಕೊಳ್ಳಬೇಕು.

ಆಮೇಲೆ ಕ್ರಾಸ್ ಕಂಟ್ರಿ.
ನನ್ನ ಪ್ರಕಾರ ನಿಜವಾದ ಪರೀಕ್ಷೆ ಇದೇ.
ದಪ್ಪ ಮರದ ದಿಮ್ಮಿ, ಹಳ್ಳ, ನೀರು.
ಕಾಲು ತಾಗಿದರೆ ದಿಮ್ಮಿ ಬೀಳಲ್ಲ,
ಕುದುರೆ ಬೀಳಬಹುದು.
ತಡವಾದರೆ ದಂಡದ ಅಂಕ.

ಕೊನೆಯ ದಿನ, ಜಂಪಿಂಗ್‌ಗೆ ಮೊದಲು,
ಕುದುರೆಯನ್ನು ಗಟ್ಟಿ ನೆಲದ ಮೇಲೆ ಓಡಿಸಿ ನೋಡ್ತಾರೆ.
ಸ್ವಲ್ಪ ಕುಂಟಿದರೂ ಹೊರಗೆ!
ಇರಲೇಬೇಕಾದ ನಿಯಮ.
ಪಾಸಾದರೆ ಜಂಪಿಂಗ್.
ಕಂಬ ಬಿದ್ದರೆ 4 ದಂಡದ ಅಂಕ.

ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ,
ಸೀನ್ಯೋರ್ ಮೆಡಿಕಾಟ್ ಅನ್ನೋ ಕುದುರೆ ಏರಿ
2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರು.
ಅದೇ ಕುದುರೆಯ ಜೊತೆ ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು.
ಎರಡು ದಶಕಗಳಲ್ಲಿ ಅಲ್ಲಿಗೆ ತಲುಪಿದ ಮೊದಲ ಭಾರತೀಯ ಸವಾರ.
ಡ್ರೆಸಾಜ್‌ನಲ್ಲಿ 9ನೇ ಸ್ಥಾನ.
ಕ್ರಾಸ್ ಕಂಟ್ರಿಯಲ್ಲಿ ಸಮಯ ಮೀರಿ 22ಕ್ಕೆ ಇಳಿದರು.
ಆದರೂ 25 ಮಂದಿಯ ಜಂಪಿಂಗ್ ಫೈನಲ್ ತಲುಪಿ,
23ನೆಯವರಾಗಿ ಮುಗಿಸಿದರು.