ಒಳಕ್ಕೆ ತಿರುಗಿದ ಕಣ್ಣು

ಬಾಲ್ಯದಿಂದಲೂ ಎರಡು ಕಣ್ಣುಗಳಿಂದ ಒಂದೇ ಲೋಕವನ್ನು ಕಾಣುತ್ತ ಬಂದ ತರುಣನಿಗೆ, ದೂರದಿಂದ ಬರುವ ಬಸ್ಸು ಅಕ್ಕಪಕ್ಕದಲ್ಲಿ ಎರಡಾಗಿ ತೋರತೊಡಗಿ, ಕೆಲವೇ ದಿನಗಳಲ್ಲಿ ಒಂದು ಕಣ್ಣು ಮೂಗಿನ ಕಡೆಗೆ ಸರಿದುದನ್ನು ಮನೆಯವರು ಗುರುತಿಸಿದರೆ, ಅದು ಶೈಶವದ ಮೆಳ್ಳೆಗಣ್ಣಿಗಿಂತ ತೀರ ಭಿನ್ನವಾದ ವ್ಯಾಧಿಯೆಂದು ತಿಳಿಯಬೇಕು. ಓರೆಗಣ್ಣಿನ ಶಿಶುವಿನ ಮಿದುಳು ಒಂದು ಕಣ್ಣಿನ ಬಿಂಬವನ್ನು ಅಲಕ್ಷಿಸಲು ಕಲಿತುಬಿಡುತ್ತದೆ; ಪ್ರೌಢನ ಮಿದುಳಿಗೆ ಅದು ಸುಲಭಸಾಧ್ಯವಲ್ಲವಾದ್ದರಿಂದ ಅವನು ರಸ್ತೆ ದಾಟುವಾಗ ಒಂದು ಕಣ್ಣನ್ನು ಮುಚ್ಚಿಕೊಳ್ಳುತ್ತಾನೆ. ಮೆಳ್ಳೆಗಣ್ಣು ಅದೃಷ್ಟದ ಲಕ್ಷಣವೆಂಬ ನಂಬಿಕೆಯನ್ನು ನೆಚ್ಚಿ ಇಂಥವನು ಕಾಲ ಕಳೆಯಕೂಡದು.

ಸಮೀಪದೃಷ್ಟಿಯವರಲ್ಲಿ ತಲೆದೋರುವ ಈ ಬಗೆಯ ಓರೆಗೆ, ಅದನ್ನು 1922ರಲ್ಲಿ ವಿವರಿಸಿದ ಜರ್ಮನ್ ನೇತ್ರವೈದ್ಯ ಆಲ್ಫ್ರೆಡ್ ಬೀಲ್‌ಶೋವ್‌ಸ್ಕಿಯ ಹೆಸರು ಅಂಟಿಕೊಂಡಿದೆ. ಮೈನಸ್ ಕನ್ನಡಕವನ್ನು ತೊಡದೆ ಪುಸ್ತಕವನ್ನು ಮುಖಕ್ಕೆ ತೀರ ಹತ್ತಿರ ಹಿಡಿಯುವವನ ಕಣ್ಣುಗಳು ಸದಾ ಒಳಮುಖವಾಗಿ ಶ್ರಮಿಸುತ್ತವೆ. ಆ ಶ್ರಮವೇ ಕಾರಣವಿರಬೇಕೆಂಬುದು ಅಂದಿನಿಂದ ಬಂದ ಊಹೆ. ಪುಸ್ತಕದ ಸ್ಥಾನವನ್ನು ಈಗ ಮೊಬೈಲು ಆಕ್ರಮಿಸಿದೆ. ದಿನಕ್ಕೆ 4 ಗಂಟೆಗೂ ಮಿಕ್ಕಿ ಅದನ್ನು ನೋಡುತ್ತಿದ್ದ 12 ಮಕ್ಕಳಲ್ಲಿ ಇಂಥ ಓರೆ ಕಾಣಿಸಿಕೊಂಡುದನ್ನು ದಕ್ಷಿಣ ಕೊರಿಯದ ವೈದ್ಯರು 2016ರಲ್ಲಿ ವರದಿ ಮಾಡಿದರು. ಬಳಕೆಯನ್ನು ತೊರೆದಾಗ ಓರೆ ತಗ್ಗಿತಾದರೂ ಕೆಲವರಿಗೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು.

ಆದರೆ ಶಸ್ತ್ರ ಹಿಡಿಯುವುದಕ್ಕೆ ಮೊದಲು ವೈದ್ಯನು ನಿವಾರಿಸಿಕೊಳ್ಳಬೇಕಾದ ಘೋರ ಸಂಶಯವೊಂದಿದೆ. ಆರನೆಯ ಕಪಾಲನರದ ದೌರ್ಬಲ್ಯದಿಂದಲೂ, ಮಿದುಳಿನ ಗಡ್ಡೆಯಿಂದಲೂ ಕಣ್ಣು ಹೀಗೆಯೇ ಒಳಸರಿಯಬಲ್ಲುದಾದ್ದರಿಂದ, ತಲೆನೋವು, ವಾಂತಿ, ನಡಿಗೆಯ ತೂರಾಟಗಳಿದ್ದರೆ ಎಂ.ಆರ್.ಐ. ಪರೀಕ್ಷೆಯನ್ನು ಮುಂದೂಡುವಂತಿಲ್ಲ. ಆ ಭಯ ಕಳೆದ ಮೇಲೆ ಹನಿಮದ್ದು ಹಾಕಿ ಪವರನ್ನು ಅಳೆದು ಸರಿಯಾದ ಕನ್ನಡಕ ಕೊಟ್ಟು, ಎರಡು ಬಿಂಬಗಳನ್ನು ಕೂಡಿಸಲು ಅದಕ್ಕೆ ಪ್ರಿಸಂ ಅಂಟಿಸಿ, ಓರೆಯ ಪ್ರಮಾಣ ಸ್ಥಿರವಾಗುವವರೆಗೆ ಸಾಮಾನ್ಯವಾಗಿ ಕೆಲವು ತಿಂಗಳು ಕಾಯುವರು. ಆರಂಭದಲ್ಲಿಯೇ, ಕಣ್ಣನ್ನು ಮೂಗಿನ ಕಡೆಗೆ ಎಳೆಯುವ ಒಳಸ್ನಾಯುವಿಗೆ ಬೊಟುಲಿನಂ ಚುಚ್ಚುಮದ್ದು ನೀಡುವುದೂ ಉಂಟು.

1839ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಖ್ ಬಾಲಕನೊಬ್ಬನ ಒಳಸ್ನಾಯುವನ್ನು ಕತ್ತರಿಸಿ ಓರೆಯನ್ನು ತಿದ್ದಿದನು. ಇಂದಿನ ವೈದ್ಯರು ಆ ಸ್ನಾಯುವನ್ನು ಅಳತೆಯಿಟ್ಟು ಸ್ಥಳಾಂತರಿಸುತ್ತಾರೆ. ಕಣ್ಣಿನ ಬಿಳಿಯ ಭಾಗವನ್ನು ಹೊದ್ದ ಪೊರೆಯನ್ನು ತುಸುವೇ ಬಿಡಿಸಿ, ಕಾರ್ನಿಯಾದ ಅಂಚಿನಿಂದ ಸುಮಾರು 5.5 ಮಿ.ಮೀ. ದೂರದಲ್ಲಿ ನೆಲೆಸಿದ ಸ್ನಾಯುವನ್ನು ಕೊಕ್ಕೆಯಿಂದೆತ್ತಿ, ತಾನಾಗಿ ಕರಗುವ ಕೂದಲೆಳೆಯಂಥ ದಾರವನ್ನು ಅದರ ತುದಿಯಲ್ಲಿ ಪೋಣಿಸಿ, ಬುಡದಿಂದ ಬೇರ್ಪಡಿಸಿ, ಹಿಂದಕ್ಕೆ ಗುರುತಿಸಿದ ಸ್ಥಾನದಲ್ಲಿ ಹೊಲಿಯುವರು. ಒಳಗಿನ ಎಳೆತ ಅಷ್ಟರಮಟ್ಟಿಗೆ ಸಡಿಲುತ್ತದೆ. ಇದನ್ನು ಎರಡೂ ಕಣ್ಣುಗಳಿಗೆ ಮಾಡಬಹುದು, ಇಲ್ಲವೇ ಒಂದೇ ಕಣ್ಣಿನಲ್ಲಿ ಒಳಸ್ನಾಯುವನ್ನು ಸಡಿಲಿಸಿ ಹೊರಸ್ನಾಯುವನ್ನು ಮೊಟಕುಗೊಳಿಸಬಹುದು. ಸೂಜಿ ಹಾಯುವ ಬಿಳಿಗೋಡೆಯು ಸ್ನಾಯುವಿನ ಬುಡದ ಹಿಂದೆ ಕೇವಲ 0.3 ಮಿ.ಮೀ.ನಷ್ಟು ದಪ್ಪ, ಉದ್ದವಾಗಿ ಬೆಳೆದ ಸಮೀಪದೃಷ್ಟಿಯ ಕಣ್ಣಿನಲ್ಲಿ ಅದು ಇನ್ನೂ ತೆಳುವಾಗಿರುವುದುಂಟು. ಇಲ್ಲಿ ಬೇಕಾದ ಕೈಯ ಸಂಯಮವನ್ನು ನೆನೆದರೆ ನನಗೆ ಗೌರವ ಮೂಡುತ್ತದೆ.

ಎಷ್ಟು ಸರಿಸಬೇಕೆಂಬುದೇ ಕಠಿನ ಪ್ರಶ್ನೆ. ಓರೆಯನ್ನು ಅಳೆಯುವ ಮಾನವಾದ ಪ್ರಿಸಂ ಡಯಾಪ್ಟರಿನಲ್ಲಿ 30ರಷ್ಟಿರುವ ಓರೆಗೆ ಎರಡೂ ಕಣ್ಣುಗಳಲ್ಲಿ 4.5 ಮಿ.ಮೀ. ಎಂದು ರೂಢಿಯ ಕೋಷ್ಟಕ ಹೇಳುತ್ತದೆ. ಆದರೆ ಈ ರೋಗಿಗಳಲ್ಲಿ ಅಷ್ಟೇ ಸರಿಸಿದರೆ ಓರೆ ಪೂರ್ಣವಾಗಿ ತೊಲಗದೆ ಉಳಿಯುವುದು ವೈದ್ಯರ ಅನುಭವ. ಆದುದರಿಂದಲೇ ಹಲವರು ಪ್ರಿಸಂ ತೊಡಿಸಿ, ಅವಿತಿದ್ದ ಓರೆ ಪೂರ್ತಿ ಹೊರಬಿದ್ದ ಮೇಲೆ ಮತ್ತೆ ಅಳೆದು, ಆ ಹೆಚ್ಚಿನ ಅಳತೆಗೆ ತಕ್ಕಂತೆ ಶಸ್ತ್ರಕ್ರಿಯೆ ನಡೆಸುವರು.

ಅತಿತೀವ್ರ ಸಮೀಪದೃಷ್ಟಿಯಿಂದ ನಿಧಾನವಾಗಿ ಬಲಿಯುವ ಓರೆಯ ಕಥೆಯೇ ಬೇರೆ: ಅಲ್ಲಿ ಹಿಗ್ಗಿದ ಗುಡ್ಡೆಯು ಮೇಲಿನ ಮತ್ತು ಹೊರಗಿನ ಸ್ನಾಯುಗಳ ನಡುವೆ ನುಸುಳಿರುವುದರಿಂದ, ಜಪಾನಿನ ವೈದ್ಯ ಯೊಕೊಯಾಮಾ ರೂಪಿಸಿದ ಕ್ರಮದಂತೆ ಆ ಎರಡನ್ನೂ ಒಟ್ಟಿಗೆ ಹೊಲಿದು ಗುಡ್ಡೆಯನ್ನು ಸ್ವಸ್ಥಾನಕ್ಕೆ ತರುವರು.

ಓರೆಯನ್ನು ತಿದ್ದುವ ಶಸ್ತ್ರಕ್ರಿಯೆಯನ್ನು ಕೇವಲ ಸೌಂದರ್ಯಕ್ಕಾಗಿ ಮಾಡುವುದೆಂದು ಕಡೆಗಣಿಸುವುದು ಅನ್ಯಾಯ. ವ್ಯಾಧಿಗೆ ಮುನ್ನವೇ ದೃಷ್ಟಿಗಳೆರಡೂ ಕೂಡಿ ಬೆಳೆದಿದ್ದ ಕಾರಣ, ಕಣ್ಣು ನೆಟ್ಟಗಾದೊಡನೆ ಆಳವನ್ನು ಅರಿಯುವ ಶಕ್ತಿಯೂ ಬಹಳ ಮಂದಿಗೆ ಮರಳುತ್ತದೆ. ಪವರು ಮಾತ್ರ ಇದರಿಂದ ಇಳಿಯದು. ಕನ್ನಡಕ ತೊಡಲೇಬೇಕು, ಮೊಬೈಲನ್ನು ದೂರ ಹಿಡಿಯಲೇಬೇಕು. ಅಲ್ಪಸ್ವಲ್ಪ ಓರೆ ಉಳಿದವರಿಗೆ ಪ್ರಿಸಂ ಸಾಕಾಗಬಹುದು; ಅದು ಮತ್ತೆ ಬೆಳೆದವರಿಗೆ ಎರಡನೆಯ ಶಸ್ತ್ರಕ್ರಿಯೆಯೂ ಬೇಕಾಗಬಹುದು.