ಯೆಹೂದ್ಯರ ವಾರದ ಪಾರಾಯಣ

ಒಂದು ಗ್ರಂಥವನ್ನು ಒಮ್ಮೆ ಓದಿ ಮುಗಿಸುವುದು ಬೇರೆ. ಜೀವಮಾನವೆಲ್ಲ ವರ್ಷಕ್ಕೊಂದಾವೃತ್ತಿ ಓದುತ್ತ ಹೋಗುವುದು ಬೇರೆ. ಯೆಹೂದ್ಯರು ತಮ್ಮ ತೋರಾವನ್ನು ಓದುವುದು ಈ ಎರಡನೆಯ ಬಗೆಯಲ್ಲಿ. ಮೋಶೆಯ ಐದು ಗ್ರಂಥಗಳನ್ನೊಳಗೊಂಡ ತೋರಾವನ್ನು ಅವರು 54 ಭಾಗಗಳಾಗಿ ವಿಂಗಡಿಸಿಕೊಂಡಿದ್ದಾರೆ. ಒಂದೊಂದು ಭಾಗಕ್ಕೂ ಪರಾಷಾ ಎಂದು ಹೆಸರು. ಶನಿವಾರ ಅವರಿಗೆ ಸಬ್ಬತ್, ಎಂದರೆ ವಿಶ್ರಾಂತಿಯ ದಿನ. ಅಂದು ಬೆಳಿಗ್ಗೆ ಪ್ರಾರ್ಥನಾಮಂದಿರದಲ್ಲಿ ಆ ವಾರದ ಪರಾಷಾ ಪಾರಾಯಣವಾಗುತ್ತದೆ. ಅವರ ಪಂಚಾಂಗಕ್ಕೆ ಹೊಂದುವಂತೆ ಕೆಲವು ವಾರ ಎರಡು ಭಾಗಗಳನ್ನು ಕೂಡಿಸಿ ಓದುವುದುಂಟು. ಶರತ್ಕಾಲದ ಸಿಮ್ಹಾತ್ ತೋರಾ ಹಬ್ಬದಂದು ಕೊನೆಯ ಭಾಗವನ್ನು ಮುಗಿಸಿ, ಅದೇ ಸಭೆಯಲ್ಲಿ ಸೃಷ್ಟಿಯ ಕಥೆಯಿಂದ ಮತ್ತೆ ಮೊದಲು ಮಾಡುತ್ತಾರೆ.

ಪಾರಾಯಣಕ್ಕೆ ಬಳಸುವುದು ಚರ್ಮದ ಸುರುಳಿಯ ಮೇಲೆ ಕೈಯಿಂದ ಬರೆದ ಪ್ರತಿ. ಅದರಲ್ಲಿ ಸ್ವರಚಿಹ್ನೆಗಳಿಲ್ಲ, ವಾಕ್ಯ ಮುಗಿಯಿತೆಂಬ ಗುರುತಿಲ್ಲ, ರಾಗದ ಸಂಜ್ಞೆಗಳೂ ಇಲ್ಲ. ಇವನ್ನೆಲ್ಲ ಓದುವವರು ಮೊದಲೇ ಅಭ್ಯಾಸಮಾಡಿ ಮನಸ್ಸಿನಲ್ಲಿ ತುಂಬಿಕೊಂಡು ಬಂದಿರಬೇಕು. ಬರಿಗೈ ಸೋಕದಂತೆ, ಸಣ್ಣ ಕಡ್ಡಿಯೊಂದನ್ನು ಸಾಲಿನ ಮೇಲೆ ನಡೆಸುತ್ತ ಓದುತ್ತಾರೆ. ಉಚ್ಚಾರ ತಪ್ಪಿದರೆ ಕೇಳುವವರು ತಿದ್ದುತ್ತಾರೆ.

ಅಕ್ಷರಕ್ಕೆ ಸ್ವರವನ್ನು ಕೂಡಿಸುವಂತೆ, ಮಾತಿಗೆ ಅರ್ಥವನ್ನು ಕೂಡಿಸುವ ಹೊಣೆಯೂ ಓದುಗನದೇ. ಈ ಕೆಲಸದಲ್ಲಿ ಅವರ ಮುಖ್ಯ ಮಾರ್ಗದರ್ಶಿ ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನ ತ್ರೊಯ್ ಪಟ್ಟಣದಲ್ಲಿ ಬಾಳಿದ ರಾಷಿ ಎಂಬ ವ್ಯಾಖ್ಯಾನಕಾರ. ನಮ್ಮ ಕಾಲಕ್ಕೆ ಸಮೀಪದವರು ನೆಹಮಾ ಲೈಬೊವಿಟ್ಸ್. 1905ರಲ್ಲಿ ರಿಗಾ ನಗರದಲ್ಲಿ ಹುಟ್ಟಿ ಜೆರೂಸಲೇಮಿನಲ್ಲಿ ನೆಲಸಿದ ಈಕೆ 1942ರಿಂದ ಸುಮಾರು ಮೂವತ್ತು ವರ್ಷ, ವಾರವಾರದ ಪರಾಷಾ ಕುರಿತು ಪ್ರಶ್ನೆಗಳ ಹಾಳೆಯನ್ನು ಸಿದ್ಧಪಡಿಸಿ ಬಯಸಿದವರಿಗೆಲ್ಲ ಅಂಚೆಯಲ್ಲಿ ಕಳುಹಿಸಿದರು. ಬಂದ ಉತ್ತರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತಿದ್ದರು. ರಾಷಿ ಏನು ಹೇಳಿದನೆಂದು ಒಪ್ಪಿಸಿದರೆ ಅವರಿಗೆ ತೃಪ್ತಿಯಿಲ್ಲ. ಮೂಲದಲ್ಲಿ ಯಾವ ತೊಡಕನ್ನು ಕಂಡು ರಾಷಿ ಹಾಗೆ ಹೇಳಿದ ಎಂಬುದನ್ನು ಹುಡುಕಬೇಕು. 1997ರಲ್ಲಿ ತೀರಿಕೊಂಡ ಅವರ ಸಮಾಧಿಯ ಮೇಲೆ ‘ಶಿಕ್ಷಕಿ’ ಎಂಬ ಪದವಿದೆ.

ಈ ಓದಿನ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ವರ್ಷದ ನಾಲ್ಕನೆಯ ಪರಾಷಾದ ಹೆಸರು ವಯ್ಯೇರಾ. ಸೊದೋಮ್ ಪಟ್ಟಣವನ್ನು ನಾಶಮಾಡಲು ದೇವರು ನಿಶ್ಚಯಿಸಿದಾಗ ಅಬ್ರಹಾಮ ಅಡ್ಡನಿಂತು ವಾದಿಸುತ್ತಾನೆ. ಅಲ್ಲಿ ಐವತ್ತು ಮಂದಿ ಸಜ್ಜನರಿದ್ದರೆ ಉಳಿಸಲಾಗದೆ ಎಂದು ತೊಡಗಿ, ಹತ್ತು ಮಂದಿಯವರೆಗೆ ಇಳಿಸುತ್ತ ಬರುತ್ತಾನೆ. ಅದೇ ಪರಾಷಾದ ಕೊನೆಯಲ್ಲಿ, ನಿನ್ನ ಮಗ ಇಸಾಕನನ್ನು ನನಗೆ ಬಲಿಕೊಡೆಂದು ದೇವರು ಕೇಳುತ್ತಾನೆ. ಪರರಿಗಾಗಿ ಅಷ್ಟು ವಾದಿಸಿದವನು ಮಗನಿಗಾಗಿ ಒಂದು ಮಾತನ್ನೂ ಆಡುವುದಿಲ್ಲ. ಬೆಳಗಾಗುತ್ತಲೇ ಎದ್ದು ಹೊರಡುತ್ತಾನೆ.

ಕಟ್ಟಿಗೆ ಮಗನ ಹೆಗಲ ಮೇಲೆ. ಬೆಂಕಿಯೂ ಕತ್ತಿಯೂ ತಂದೆಯ ಕೈಯಲ್ಲಿ. ಇಬ್ಬರೂ ಜೊತೆಯಾಗಿ ನಡೆದರೆಂದು ಮೂಲ ಹೇಳುತ್ತದೆ. ಬಲಿಯ ಕುರಿ ಎಲ್ಲಿ ಎಂದು ಮಗ ಕೇಳುತ್ತಾನೆ; ಅದನ್ನು ದೇವರೇ ನೋಡಿಕೊಳ್ಳುತ್ತಾನೆಂದು ತಂದೆ ಉತ್ತರಿಸುತ್ತಾನೆ. ಆಮೇಲೆ ಮತ್ತೆ ಅದೇ ಮಾತು: ಇಬ್ಬರೂ ಜೊತೆಯಾಗಿ ನಡೆದರು. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಿದ್ದೇಕೆ? ರಾಷಿಯ ವಿವರಣೆ ಹೀಗಿದೆ: ಮೊದಲ ಸಲ ಏನು ನಡೆಯಲಿದೆಯೆಂಬುದು ತಂದೆಗೆ ಮಾತ್ರ ಗೊತ್ತು. ಎರಡನೆಯ ಸಲ ಮಗನಿಗೂ ತಿಳಿದುಹೋಗಿದೆ. ಆದರೂ ಅವನ ಹೆಜ್ಜೆ ತಂದೆಯ ಹೆಜ್ಜೆಯಿಂದ ಬೇರೆಯಾಗಲಿಲ್ಲ. ಪದಗಳು ಅವೇ, ನಡುವೆ ಇಸಾಕನ ಬಾಲ್ಯ ಮುಗಿದುಹೋಗಿದೆ.

ಕೊನೆಯ ಗಳಿಗೆಯಲ್ಲಿ ದೇವದೂತನ ವಾಣಿ ಅಬ್ರಹಾಮನ ಕೈಯನ್ನು ತಡೆಯುತ್ತದೆ. ಮಗನಿಗೆ ಬದಲಾಗಿ ಟಗರು ಬಲಿಯಾಗುತ್ತದೆ. ಆದರೆ ಅಬ್ರಹಾಮ ಹಿಂದಿರುಗಿದನೆಂದು ಹೇಳುವಲ್ಲಿ ಮೂಲ ಇಸಾಕನ ಹೆಸರೆತ್ತುವುದಿಲ್ಲ. ಕೇಳುವವರು ಮುಂದಿನ ಶನಿವಾರದವರೆಗೆ ಕಾಯಬೇಕು. ಆ ವಾರದ ಪರಾಷಾ ಸಾರಾಳ ಜೀವಿತವೆಂದು ಹೆಸರು ಹೊತ್ತಿದ್ದರೂ ಆರಂಭವಾಗುವುದು ಆಕೆಯ ಮರಣದಿಂದ. ಆಗ ಆಕೆಗೆ 127 ವರ್ಷ. ಹೆತ್ತ ತಾಯಿಗೆ ಗಂಡ ಈ ವಿಷಯ ತಿಳಿಸಿದನೆಂದಾಗಲಿ, ಆಕೆಯನ್ನು ಕೇಳಿದನೆಂದಾಗಲಿ ಮೂಲದಲ್ಲಿ ಎಲ್ಲಿಯೂ ಇಲ್ಲ. ಈ ಎರಡು ಪ್ರಸಂಗಗಳು ಒಂದರ ಪಕ್ಕದಲ್ಲೊಂದು ನಿಂತಿರುವುದನ್ನು ಗಮನಿಸಿದ ಪ್ರಾಚೀನ ವ್ಯಾಖ್ಯಾನಕಾರರು, ಸುದ್ದಿ ಕಿವಿಗೆ ಬಿದ್ದಕೂಡಲೇ ಆಕೆಯ ಪ್ರಾಣ ಹಾರಿತೆಂದರು. ಅವರ ದೃಷ್ಟಿಯಲ್ಲಿ ಬೆಟ್ಟದ ಮೇಲೆ ಮಗನ ಜೀವ ಉಳಿಯಿತು. ಮನೆಯಲ್ಲಿ ತಾಯಿಯ ಜೀವ ಹೋಯಿತು.

ಸುರುಳಿಯಲ್ಲಿ ವರ್ಷದಿಂದ ವರ್ಷಕ್ಕೆ ಒಂದಕ್ಷರವೂ ಬದಲಾಗುವುದಿಲ್ಲ. ಕೇಳುವವರು ಬದಲಾಗುತ್ತಾರೆ. ಹುಡುಗನಾಗಿದ್ದಾಗ ಇಸಾಕನ ಪಕ್ಕದಲ್ಲಿ ನಡೆದವನು ತಾನೇ ತಂದೆಯಾದ ಮೇಲೆ ಅಬ್ರಹಾಮನ ಕೈಯ ಕತ್ತಿಯನ್ನು ನೋಡುತ್ತಾನೆ. ಯಾರೂ ಕೇಳದೆ ಬಿಟ್ಟ ಸಾರಾಳ ಮಾತು ಏನಿದ್ದಿರಬಹುದೆಂದು ಯೋಚಿಸುವ ವರ್ಷವೂ ಒಂದು ಬರುತ್ತದೆ. ಅದಕ್ಕೆ ಉತ್ತರ ಸುರುಳಿಯಲ್ಲಿಲ್ಲ. ಮರುವರ್ಷ ಅದೇ ಶನಿವಾರ ಮತ್ತೆ ಅದನ್ನು ಬಿಚ್ಚಿ ಓದುತ್ತಾರೆ.

(ಬಾನುಲಿ ಭಾಷಣ)